ಒಂದಿನಕ್ಕ ಏನಾಗ್ತದ?

ಮಕ್ಕಳೇ, ಈ ವಾರ ಒಂದು ಸಣ್ಣ ಲೆಕ್ಕ ಮಾಡೋಣ. ಅಜ್ಜ-ಅಜ್ಜಿಯನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಈ ಲೆಕ್ಕದಲ್ಲಿ ಅವರ ಪಾಲೂ ಇದೆ.

ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ದಿನ ಶಾಲೆ ನಡೆಯಬೇಕು. ಆರರಿಂದ ಎಂಟನೇ ತರಗತಿಯವರೆಗೆ 220 ದಿನ. ಎಂಟು ವರ್ಷಕ್ಕೆ ಒಟ್ಟು 1,660 ದಿನ. ವಾರಕ್ಕೆ ಆರು ದಿನ ಶಾಲೆ. ಅದರಲ್ಲಿ ಒಂದೇ ಒಂದು ದಿನ ತಪ್ಪಿಸಿದರೆ? 1,660ನ್ನು ಆರರಿಂದ ಭಾಗಿಸಿ. ಸುಮಾರು 276 ದಿನ ಹೋಯಿತು! ಅಂದರೆ ಇಡೀ ಒಂದು ವರ್ಷದ ಶಾಲೆಗಿಂತ ಹೆಚ್ಚು. ಹೆಸರಿಗೆ ಎಂಟನೇ ತರಗತಿ ಮುಗಿಯಿತು, ಕೂತು ಕಲಿತದ್ದು ಏಳು ತರಗತಿಗೂ ಕಡಿಮೆ.

ನಮ್ಮ ಗುಂಡಗುರ್ತಿ ಕಡೆ ಮನೆಮನೆಯಲ್ಲೂ ಕೇಳುವ ಮಾತೊಂದಿದೆ: "ಒಂದಿನಕ್ಕ ಏನಾಗ್ತದ, ಇರ್ಲಿ ಬಿಡು." ಪ್ರೀತಿಯಿಂದ ಆಡುವ ಮಾತೇ ಅದು. ಆದರೆ ಯಾವ ಮಗುವೂ ಒಂದೇ ಏಟಿಗೆ ಶಾಲೆ ಬಿಡುವುದಿಲ್ಲ. ಹೀಗೆ ಒಂದೊಂದೇ ದಿನ ಬಿಡುತ್ತಾ ಬಿಡುತ್ತಾ ಕೊನೆಗೆ ಬಿಟ್ಟೇಬಿಡುತ್ತದೆ.

ನಾನು ಚಿತ್ತಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಮಾಸ್ತರಿಕೆ ಮಾಡಿದವನು. ಹಾಜರಿ ಪುಸ್ತಕ ನೋಡಿದರೆ ಸಾಕು, ಹೊಲದಲ್ಲಿ ಯಾವ ಕೆಲಸ ನಡೆದಿದೆ ಎಂದು ಹೇಳಬಹುದಿತ್ತು. ಹತ್ತಿ ಬಿಡಿಸುವ ದಿನಗಳಲ್ಲಿ ಹುಡುಗಿಯರು ಗೈರು, ತೊಗರಿ ರಾಶಿಯ ಹೊತ್ತಿಗೆ ಹುಡುಗರು ಗೈರು. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೋದವರು ಮೂರು ದಿನ ಬಿಟ್ಟು ಬರುತ್ತಿದ್ದರು.

ನಾಲ್ಕನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಅವ್ವ ಹತ್ತಿ ಬಿಡಿಸಲು ಹೋದಾಗ ಎಂಟು ದಿನ ಮನೆಯಲ್ಲಿ ಕೂಸು ಆಡಿಸಿದಳು. ಆ ಎಂಟು ದಿನ ತರಗತಿಯಲ್ಲಿ ಭಾಗಾಕಾರ ನಡೆದಿತ್ತು. ತಿರುಗಿ ಬಂದವಳು ಎಲ್ಲರಿಗಿಂತ ಹಿಂದೆ ಕೂತಳು. ಲೆಕ್ಕದ ಪುಸ್ತಕ ತೆಗೆದ ಕೂಡಲೇ "ಸರ್, ನೀರು ಕುಡಿದು ಬರ್ತೀನ್ರಿ" ಎನ್ನುವಳು. ಆಮೇಲೆ ಬೆಳಗಾದರೆ ಹೊಟ್ಟೆನೋವು ಶುರುವಾಯಿತು.

ಒಂದು ದಿನ ಅವಳ ಅಜ್ಜಿ ಕೈಹಿಡಿದು ಕರೆತಂದರು. ಆ ತಾಯಿ ಒಂದು ದಿನವೂ ಶಾಲೆ ಮೆಟ್ಟಿಲು ಹತ್ತಿದವರಲ್ಲ. "ಮಾಸ್ತರ್ರ, ಸಾಲಿ ಅಂದ ಕೂಡ್ಲೆ ಈಕಿ ಹೊಟ್ಟಿ ನೋಯ್ತದ. ಏನು ತಪ್ಪಿಸ್ಯಾಳೋ ಅದಷ್ಟು ಹೇಳಿಕೊಡ್ರಿ. ಕೂಸಿನ್ನ ನಾ ಹಿಡಿತೀನಿ" ಎಂದರು.

ನಾಲ್ಕು ದಿನ ಸಂಜೆ ಅರ್ಧರ್ಧ ಗಂಟೆ ತೊಗರಿಕಾಳು ಇಟ್ಟುಕೊಂಡು ಕೂತೆವು. ಇಪ್ಪತ್ತು ಕಾಳು, ನಾಲ್ಕು ಗುಂಪು. ಇಪ್ಪತ್ತೆರಡು ಕಾಳು, ಎರಡು ಉಳಿಯಿತು. ಐದನೇ ದಿನ ಹೊಟ್ಟೆನೋವು ಇರಲಿಲ್ಲ. ಆ ನೋವು ಸುಳ್ಳಾಗಿರಲಿಲ್ಲ, ಅದರ ಹೆಸರು ಅಂಜಿಕೆ. ಅಜ್ಜಿಗೆ ಅದು ಗೊತ್ತಾಗಿತ್ತು.

ಸರ್ಕಾರಿ ಶಾಲೆಗಳಲ್ಲಿ ಮೂರನೇ ತರಗತಿಯವರೆಗೆ ನಲಿ-ಕಲಿ ಇದೆ. ಅದರಲ್ಲಿ ಪ್ರತಿ ಮಗುವೂ ಕಲಿಕಾ ಏಣಿಯಲ್ಲಿ ತನ್ನದೇ ವೇಗದಲ್ಲಿ ಏರುತ್ತದೆ. ನಾಲ್ಕು ದಿನ ತಪ್ಪಿದರೂ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ನಾಲ್ಕನೇ ತರಗತಿಯಿಂದ ಹಾಗಲ್ಲ, ಇಡೀ ತರಗತಿ ಒಟ್ಟಿಗೆ ಮುಂದೆ ಹೋಗುತ್ತದೆ. ಭಾಗಾಕಾರ ತಪ್ಪಿದವರಿಗೆ ಮುಂದೆ ಭಿನ್ನರಾಶಿ ಕಷ್ಟ, ಭಿನ್ನರಾಶಿ ತಪ್ಪಿದವರಿಗೆ ಶೇಕಡಾ ಕಷ್ಟ. ಮುಂದೆ ಹತ್ತನೇ ತರಗತಿ ಪರೀಕ್ಷೆಗೆ ಕೂರಲು ಶೇ 75 ಹಾಜರಿ ಬೇಕು. ಆ ರೂಢಿ ಹತ್ತನೇ ತರಗತಿಗೆ ಬಂದ ಮೇಲೆ ಒಮ್ಮೆಲೇ ಬರುವಂಥದ್ದಲ್ಲ.

ಚಿತ್ತಾಪುರದ ಹತ್ತಿರದ ನಾಗಾವಿಗೆ ನಿಮ್ಮಲ್ಲಿ ಕೆಲವರು ಹೋಗಿರಬಹುದು. ಅರವತ್ತು ಕಂಬದ ಗುಡಿ ನೋಡಿರಬಹುದು. ಅಲ್ಲಿ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಘಟಿಕಾಸ್ಥಾನವೆಂಬ ದೊಡ್ಡ ವಿದ್ಯಾಕೇಂದ್ರವಿತ್ತು. 1058ರ ಶಾಸನದಲ್ಲಿ ಅಲ್ಲಿದ್ದ ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳ, ಅವರ ಗುರುಗಳ ವಿವರವಿದೆ. ಪುಸ್ತಕ ಕಾಯಲು ಆರು ಮಂದಿ ಸರಸ್ವತಿ ಭಂಡಾರಿಗರೂ ಇದ್ದರು. ಇವೆಲ್ಲ ನಡೆಯಲೆಂದು ಭೂಮಿಯನ್ನೇ ದಾನ ಕೊಟ್ಟಿದ್ದರು. ಕಲಿಯುವವರು ಒಂದೆಡೆ ನಿಂತು ಕಲಿಯಬೇಕು ಎಂಬುದು ನಮ್ಮ ನೆಲಕ್ಕೆ ಸಾವಿರ ವರ್ಷದ ಹಿಂದೆಯೇ ಗೊತ್ತಿತ್ತು. ಆದರೆ ಆ ಬಾಗಿಲು ಎಲ್ಲ ಮಕ್ಕಳಿಗೂ ತೆರೆದಿರಲಿಲ್ಲ. ಇಂದು ನಿಮ್ಮೂರ ಶಾಲೆಯ ಬಾಗಿಲು ಎಲ್ಲರಿಗೂ ತೆರೆದಿದೆ. 2002ರಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಮೊದಲು ಶುರುವಾದದ್ದೂ ಕಲಬುರಗಿ ಸೇರಿದಂತೆ ನಮ್ಮ ಭಾಗದ ಜಿಲ್ಲೆಗಳಲ್ಲೇ. ಹಸಿದ ಹೊಟ್ಟೆಯ ಕಾರಣಕ್ಕೆ ಯಾವ ಮಗುವೂ ಮನೆಯಲ್ಲಿ ಉಳಿಯಬಾರದು ಎಂದು.

ಹಿರಿಯರೇ, ಮಗ-ಸೊಸೆ ದುಡಿಯಲು ಮುಂಬೈ, ಪುಣೆ, ಹೈದರಾಬಾದಿಗೆ ಹೋದ ಮನೆಗಳಲ್ಲಿ ಬೆಳಿಗ್ಗೆ ಮೊಮ್ಮಕ್ಕಳನ್ನು ಎಬ್ಬಿಸಿ ಕಳಿಸುವವರು ನೀವೇ. ಜ್ವರ ಬಂದರೆ ಖಂಡಿತ ಮನೆಯಲ್ಲಿ ಮಲಗಿಸಿ. ಆದರೆ ಲಗ್ನಕ್ಕೆ, ಜಾತ್ರೆಗೆ ಹೋದರೆ ಮರುದಿನವೇ ಶಾಲೆಗೆ ಕಳಿಸಿ. ವಾರಕ್ಕೊಮ್ಮೆ ಅದೇ ದಿನ ಹೊಟ್ಟೆನೋವು ಬಂದರೆ ಬೈಯಬೇಡಿ, ಆ ದಿನ ಯಾವ ಪಾಠ ಇದೆ, ಯಾರಾದರೂ ಹೊಡೆಯುತ್ತಾರೋ, ಚುಡಾಯಿಸುತ್ತಾರೋ ಎಂದು ಮೆಲ್ಲಗೆ ಕೇಳಿ. ಗುಳೆ ಹೋಗುವವರು ಮಕ್ಕಳನ್ನು ಕರೆದೊಯ್ಯಲೇಬೇಕಾದರೆ ಹೋದ ಊರಿನ ಶಾಲೆಗೆ ಸೇರಿಸಲಿ. ವರ್ಷದ ನಡುವೆ ಬಂದರೆಂದಾಗಲಿ, ವರ್ಗಾವಣೆ ಪತ್ರ ತಡವಾಯಿತೆಂದಾಗಲಿ ಸೇರಿಸಿಕೊಳ್ಳದೆ ಇರುವಂತಿಲ್ಲ, ಕಾನೂನೇ ಹಾಗಿದೆ.

ಮಕ್ಕಳೇ, ನಿಮಗೂ ಎರಡು ಕೆಲಸ. ಗೆಳೆಯ ಅಥವಾ ಗೆಳತಿ ಎರಡು ದಿನ ಬರದಿದ್ದರೆ ಸಂಜೆ ಅವರ ಮನೆಗೆ ಹೋಗಿ, ನಿಮ್ಮ ನೋಟುಬುಕ್ಕು ತೋರಿಸಿ. ಹಾಗೆಯೇ ಮನೆಯ ಕ್ಯಾಲೆಂಡರಿನಲ್ಲಿ ಶಾಲೆಗೆ ಹೋದ ದಿನಕ್ಕೆ ಒಂದು ಚುಕ್ಕೆ ಇಡಿ. ತಿಂಗಳ ಕೊನೆಗೆ ಮುತ್ಯಾನೋ ಅಜ್ಜಿಯೋ ಎಣಿಸಲಿ. ಚುಕ್ಕೆ ಎಣಿಸಲು ಓದು ಬರಹ ಬರಬೇಕೆಂದೇನೂ ಇಲ್ಲ.