ಪ್ರತಿ ಶಾಟಿಗೂ ಪರದೆ ಯಾಕ್ರಪ್ಪಾ?

ಗೆಳೆಯರೇ, ಹೋದ ವಾರ ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಪಾವಗಡದ ಬಸ್ಸಿಗೆ ಕಾಯುತ್ತಾ, ಕಡ್ಲೇಕಾಯಿ ಬಿಡಿಸುತ್ತಾ ಕೂತಿದ್ದೆ. ಪಕ್ಕದಲ್ಲಿ ಒಬ್ಬ ಹುಡುಗ ಬಂದು ಕೂತ. ಮೊಬೈಲನ್ನು ನನ್ನ ಮೂಗಿನ ಮುಂದೆಯೇ ಹಿಡಿದ.

"ಅಣ್ಣಾ, ಸಿನಿಮಾ ಬಗ್ಗೆ ಬರೆಯೋರು ನೀವೇ ಅಲ್ವಾ? ನಮ್ಮಕ್ಕನ ಮದುವೆ ವೀಡಿಯೋ ನಾನೇ ಎಡಿಟ್ ಮಾಡಿದೀನಿ. ಒಂಚೂರು ನೋಡಿ ಹೇಳಿ."

ನೋಡಿದೆ. ಎಂಟು ನಿಮಿಷದ ವೀಡಿಯೋ. ಒಂದೊಂದು ಶಾಟಿಗೂ ಒಂದೊಂದು ಫೇಡು! ಅರಿಶಿನ ಹಚ್ಚಿದರು, ಕತ್ತಲು. ಧಾರೆ ಎರೆದರು, ಕತ್ತಲು. ಎಲೆಗೆ ಪಾಯಸ ಬಿತ್ತು, ಮತ್ತೆ ಕತ್ತಲು.

"ಏನಪ್ಪಾ, ನಿಮ್ಮಕ್ಕನ ಮದುವೇಲಿ ಇಷ್ಟು ಸಲ ಕರೆಂಟು ಹೋಗಿತ್ತಾ?" ಅಂದೆ.

ಪಾಪ, ಹುಡುಗನ ಮುಖ ಸಣ್ಣಗಾಯಿತು. ಅಂದ ಮೇಲೆ ನನಗೂ ಯಾಕಾದರೂ ಅಂದೆನೋ ಅನ್ನಿಸಿತು. ಏಕೆಂದರೆ ಇದೇ ತಪ್ಪನ್ನು ಮಾಡಿ ಮನೆಯಲ್ಲಿ ಅಮ್ಮನ ಕಣ್ಣಲ್ಲಿ ನೀರು ತರಿಸಿದವನು ನಾನು. ಆ ಕತೆ ಆಮೇಲೆ.

ಮೊದಲು ಫೇಡ್ ಅಂದರೇನು ನೋಡೋಣ. ಚಿತ್ರ ನಿಧಾನಕ್ಕೆ ಕಪ್ಪಾದರೆ ಫೇಡ್ ಔಟ್. ಕಪ್ಪಿನಿಂದ ನಿಧಾನಕ್ಕೆ ಮೂಡಿದರೆ ಫೇಡ್ ಇನ್. ಒಂದು ಚಿತ್ರ ಕರಗುತ್ತಿರುವಾಗಲೇ ಇನ್ನೊಂದು ಅದರ ಮೇಲೆ ಮೂಡಿದರೆ ಅದು ಡಿಸಾಲ್ವ್. ಗುಬ್ಬಿ ವೀರಣ್ಣನವರ ಜಿಲ್ಲೆಯ ನಮಗೆ ಇದನ್ನು ಬಿಡಿಸಿ ಹೇಳಬೇಕೇ? ಕಂಪನಿ ನಾಟಕದಲ್ಲಿ ಅಂಕ ಮುಗಿದಾಗ ಪರದೆ ಬೀಳುತ್ತಿತ್ತು. ಸಿನಿಮಾದಲ್ಲಿ ಆ ಕೆಲಸವನ್ನು ಮಾಡುವುದು ಫೇಡ್. ಒಂದೊಂದು ಮಾತಿಗೂ ಪರದೆ ಇಳಿಸಿದರೆ ಯಾವ ಪ್ರೇಕ್ಷಕ ಕೂತಾನು ಸ್ವಾಮಿ?

ಫಿಲ್ಮಿನ ಕಾಲದಲ್ಲಿ ಫೇಡ್ ಅಷ್ಟು ಸಲೀಸಾಗಿ ಸಿಗುತ್ತಿರಲಿಲ್ಲ. ಸೆಕೆಂಡಿಗೆ 24 ಫ್ರೇಮು. ಎರಡು ಸೆಕೆಂಡಿನ ಫೇಡ್ ಎಂದರೆ 48 ಫ್ರೇಮು. ಎಡಿಟರು ಬಣ್ಣದ ಪೆನ್ಸಿಲಿನಲ್ಲಿ ಫಿಲ್ಮಿನ ಮೇಲೇ ಗೆರೆ ಎಳೆದು ಗುರುತು ಮಾಡಬೇಕು. ಲ್ಯಾಬಿನವರು ಆಪ್ಟಿಕಲ್ ಪ್ರಿಂಟರಿನಲ್ಲಿ ಫ್ರೇಮು ಫ್ರೇಮಿಗೂ ಬೆಳಕನ್ನು ಇಷ್ಟಿಷ್ಟೇ ಕಡಿಮೆ ಮಾಡುತ್ತಾ ಹೊಸದಾಗಿ ಪ್ರತಿ ತೆಗೆಯಬೇಕು. ಕನ್ನಡ ಚಿತ್ರಗಳಿಗೆ ಎಷ್ಟೋ ವರ್ಷ ಈ ಕೆಲಸವೆಲ್ಲ ಮದರಾಸಿನಲ್ಲೇ. ಪ್ರತಿ ಫೇಡಿಗೂ ದುಡ್ಡು, ದಿನ ಎರಡೂ ಖರ್ಚು. ಹಾಗಾಗಿ ಬೇಕೇ ಬೇಕು ಅನ್ನಿಸಿದ ಕಡೆ ಮಾತ್ರ ಹಾಕುತ್ತಿದ್ದರು. ಸ್ವೀಡನ್ನಿನ ಬರ್ಗ್‌ಮನ್ 1972ರ 'ಕ್ರೈಸ್ ಅಂಡ್ ವಿಸ್ಪರ್ಸ್' ಚಿತ್ರದಲ್ಲಿ ಕಪ್ಪಿನ ಬದಲು ಕೆಂಪಿಗೆ ಫೇಡ್ ಮಾಡಿದ. ಜನ ಇವತ್ತಿಗೂ ಅದನ್ನು ನೆನೆಯುತ್ತಾರೆ.

2000ನೇ ಇಸವಿಯಲ್ಲಿ ವಿಂಡೋಸ್ ಜೊತೆ ಮೂವೀ ಮೇಕರ್ ಬಂತು ನೋಡಿ, ಫೇಡ್ ಪುಕ್ಕಟೆ ಆಯಿತು. ಮೈಕ್ರೋಸಾಫ್ಟಿನವರು ಅದನ್ನು 2017ರಲ್ಲಿ ನಿಲ್ಲಿಸಿದರು. ಆದರೆ ಅಷ್ಟರಲ್ಲಿ ಆ ಚಟ ಊರೂರಿಗೂ ಹತ್ತಿಯಾಗಿತ್ತು. ನನಗೂ ಹತ್ತಿತ್ತು.

1992ರಲ್ಲಿ ಕೊರಟಗೆರೆಯ ಛತ್ರವೊಂದರಲ್ಲಿ ನಮ್ಮಣ್ಣನ ಮದುವೆ. ವಿ.ಎಚ್.ಎಸ್. ಕ್ಯಾಸೆಟ್ಟಿನಲ್ಲಿ ಚಿತ್ರೀಕರಣ. ಮೂರು ವರ್ಷಕ್ಕೆ ಅಪ್ಪ ತೀರಿಕೊಂಡರು. ಅವರ ಫೋಟೋಗಳು ನಾಲ್ಕಾರು ಇವೆ. ಓಡಾಡುವ, ಮಾತಾಡುವ ಅಪ್ಪ ಇರುವುದು ಆ ಕ್ಯಾಸೆಟ್ಟಿನಲ್ಲಿ ಮಾತ್ರ. ಅದೂ ಏಳೇ ಸೆಕೆಂಡು! ಛತ್ರದ ಬಾಗಿಲಲ್ಲಿ ಹೆಗಲ ಮೇಲೆ ಟವಲು ಹಾಕ್ಕೊಂಡು ನಿಂತವರು ಕ್ಯಾಮೆರಾ ಕಡೆ ತಿರುಗಿ, "ಊಟ ಆಯ್ತೇನಪ್ಪಾ?" ಅಂತಾರೆ. ಅಷ್ಟೇ.

ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯತೊಡಗಿದಾಗ ಶಿರಾಕ್ಕೆ ಹೋಗಿ ಕಂಪ್ಯೂಟರಿಗೆ ಇಳಿಸಿಕೊಂಡು ಬಂದೆ. ರಾತ್ರಿಯೆಲ್ಲ ಕೂತು ಎಡಿಟ್ ಮಾಡಿದೆ. ಅಪ್ಪನ ಶಾಟಿಗೆ ಗೌರವ ಕೊಡಬೇಕು ಅಂತ ಹಿಂದೆ ಎರಡು ಸೆಕೆಂಡು, ಮುಂದೆ ಎರಡು ಸೆಕೆಂಡು ಫೇಡ್ ಹಾಕಿದೆ. ಅಪ್ಪನ ತಿಥಿಯ ದಿನ ಮನೆಯವರನ್ನೆಲ್ಲ ಕೂರಿಸಿ ಟೀವಿಯಲ್ಲಿ ತೋರಿಸಿದೆ.

ಅಮ್ಮ ಸೆರಗು ಕಣ್ಣಿಗೊತ್ತಿಕೊಂಡು ಅಂದದ್ದು ಒಂದೇ ಮಾತು: "ಬಂದ್ರು ಅನ್ನೋಷ್ಟರಲ್ಲಿ ಹೊರಟೇ ಹೋದ್ರಲ್ಲೋ."

ಆಮೇಲೆ ಲೆಕ್ಕ ಹಾಕಿದೆ. ನಮ್ಮ ಕಡೆಯ ವೀಡಿಯೋ ಸೆಕೆಂಡಿಗೆ 25 ಫ್ರೇಮು. ಏಳು ಸೆಕೆಂಡಿಗೆ 175. ಅದರಲ್ಲಿ 100 ಫ್ರೇಮು ನನ್ನ ಫೇಡಿನ ಪಾಲು! ಉಳಿದದ್ದು ಮೂರು ಸೆಕೆಂಡು. ದನಿಯನ್ನೂ ಜೊತೆಗೇ ಇಳಿಸಿದ್ದರಿಂದ "ಊಟ" ಕೇಳಿಸಿತು, "ಆಯ್ತೇನಪ್ಪಾ" ಕತ್ತಲಲ್ಲಿ ಮುಳುಗಿತು. ಫೇಡ್ ಎಲ್ಲಿಂದಲೋ ಹೊಸ ಸಮಯ ತರುವುದಿಲ್ಲ ಗೆಳೆಯರೇ, ಶಾಟಿನ ಹೊಟ್ಟೆಯಿಂದಲೇ ಕಿತ್ತುಕೊಳ್ಳುತ್ತೆ.

ಮತ್ತೆ ಕೂತೆ. ಮುಂಚಿನ ಫೇಡ್ ತೆಗೆದು ನೇರ ಕಟ್ ಇಟ್ಟೆ. ಏಳು ಸೆಕೆಂಡನ್ನೂ ಮುಟ್ಟಲಿಲ್ಲ. ಕೊನೆಯ ಒಳ್ಳೆಯ ಫ್ರೇಮೊಂದನ್ನು ಮೂರು ಸೆಕೆಂಡು ಹಾಗೇ ನಿಲ್ಲಿಸಿ, ಫೇಡನ್ನು ಆ ನಿಂತ ಚಿತ್ರದ ಮೇಲೆ ಹಾಕಿದೆ. ಮಾತು ಪೂರ್ತಿ ಮುಗಿದ ಮೇಲೆಯೇ ದನಿ ಇಳಿಯಬೇಕು, ಹಾಗೆ ಮಾಡಿದೆ. ಈ ಸಲ ಅಪ್ಪ "ಊಟ ಆಯ್ತೇನಪ್ಪಾ?" ಅಂದಾಗ ಅಮ್ಮ ಕೂತಲ್ಲಿಂದಲೇ ಮೆಲ್ಲಗೆ, "ಆಯ್ತು" ಅಂದರು.

ಇರಲಿ. ನಿಮ್ಮ ಕೆಲಸಕ್ಕೆ ಬರೋಣ. ಮನೆಯಲ್ಲಿ ಕಂಪ್ಯೂಟರಿದ್ದರೆ ಶಾಟ್‌ಕಟ್, ಕೆಡೆನ್‌ಲೈವ್, ಓಪನ್‌ಶಾಟ್ ಮೂರೂ ಪುಕ್ಕಟೆ ಸಿಗುತ್ತವೆ. ಮೊದಲ ಎರಡರಲ್ಲಿ ಟೈಮ್‌ಲೈನಿನ ಮೇಲಿರುವ ಕ್ಲಿಪ್ಪಿನ ಮೇಲ್ಮೂಲೆಗೆ ಮೌಸ್ ಒಯ್ದರೆ ಸಣ್ಣ ಗುಂಡು ಕಾಣುತ್ತೆ. ಅದನ್ನು ಒಳಕ್ಕೆ ಎಳೆದಷ್ಟೂ ಫೇಡ್ ಉದ್ದ. ಓಪನ್‌ಶಾಟಿನಲ್ಲಿ ಕ್ಲಿಪ್ಪಿನ ಮೇಲೆ ಬಲಗುಂಡಿ ಒತ್ತಿ, ಫೇಡ್ ಅನ್ನುವ ಪಟ್ಟಿ ತೆಗೆಯಿರಿ. ದನಿಯ ಫೇಡನ್ನು ಬೇರೆಯಾಗಿ ಕೇಳಿ ನೋಡಿ, ಮಾತಿನ ಬಾಲ ಕತ್ತರಿಸಬೇಡಿ. ಡಿಸಾಲ್ವ್ ಬೇಕಾದರೆ ಎರಡು ಕ್ಲಿಪ್ಪುಗಳು ಒಂದರ ಮೇಲೊಂದು ಸ್ವಲ್ಪ ಹತ್ತಬೇಕು. ಹಾಗಾಗಿ ಶೂಟ್ ಮಾಡುವಾಗಲೇ ಮೂರು ಸೆಕೆಂಡು ಮುಂಚೆ ಶುರು ಮಾಡಿ, ಮೂರು ಸೆಕೆಂಡು ತಡೆದು ನಿಲ್ಲಿಸಿ. ಆ ಉಳಿಕೆ ಇಲ್ಲದಿದ್ದರೆ ಮುಖ್ಯವಾದದ್ದೇ ಕರಗಿಹೋಗುತ್ತೆ.

ಎಲ್ಲಿ ಹಾಕಬೇಕು? ದಿನ ಬದಲಾದಾಗ, ಊರು ಬದಲಾದಾಗ, ಒಂದು ಅಧ್ಯಾಯ ಮುಗಿದಾಗ. ಒಂದೇ ಮಂಟಪದಲ್ಲಿ ಒಂದೇ ಹೊತ್ತಿನಲ್ಲಿ ನಡೆಯುವುದಕ್ಕೆ ಬರೀ ಕಟ್ ಸಾಕು. ಉದ್ದ ಒಂದು ಸೆಕೆಂಡು ಸಾಕೋ ಸಾಕು. ಮನಸ್ಸು ಭಾರವಾಗುವ ಕಡೆ ಎರಡು.

ಬಸ್ ಬರುವಷ್ಟರಲ್ಲಿ ಹುಡುಗ ನನ್ನ ಪಕ್ಕದಲ್ಲೇ ಕೂತು ಒಂದೊಂದೇ ಫೇಡ್ ಕಿತ್ತುಹಾಕಿದ. ಕೊನೆಗೆ ಒಂದು ಉಳಿಯಿತು. ಹೆಣ್ಣು ಒಪ್ಪಿಸಿದ ಮೇಲೆ ಅಕ್ಕನ ಕಾರು ಪಾವಗಡದ ರಸ್ತೆ ತಿರುವಿನಲ್ಲಿ ಮರೆಯಾಗುವ ಶಾಟು.

"ಇದನ್ನೂ ತೆಗೀಲಾ ಅಣ್ಣಾ?"

"ಬೇಡಪ್ಪಾ, ಅದೊಂದು ಇರಲಿ. ಅಲ್ಲಿ ಪರದೆ ಬೀಳಲೇಬೇಕು" ಅಂದೆ.

ಬಸ್ ಹತ್ತಿ ಕಿಟಕಿಯಿಂದ ನೋಡಿದರೆ ಹುಡುಗ ಇನ್ನೂ ಆ ಶಾಟನ್ನೇ ನೋಡ್ತಾ ಕೂತಿದ್ದ. ಬರ್ಲಾ ಗೆಳೆಯರೇ, ಮುಂದಿನ ವಾರ ಸಿಗೋಣ.