ವೈರಾಣುವಿನ ಜಾತಕ ಸಿಕ್ಕಿತು, ಲಸಿಕೆ ಎಲ್ಲಿ?

ಕಾಫಿ ಕೊಯ್ಲಿನ ಜೊತೆಗೇ ಮಲೆನಾಡಿನಲ್ಲಿ ಉಣುಗಿನ ಕಾಲವೂ ಆರಂಭವಾಗುತ್ತದೆ. ಡಿಸೆಂಬರಿನಿಂದ ಮೇ ತನಕ ದರಗು ಗುಡಿಸಲು, ಸೌದೆ ತರಲು, ದನ ಮೇಯಿಸಲು ಕಾಡಂಚಿಗೆ ಹೋಗುವವರಿಗೆ ಮಂಗನ ಕಾಯಿಲೆಯ ಭಯ ತಪ್ಪಿದ್ದಲ್ಲ. 2024ರಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಅದು ಕಾಣಿಸಿಕೊಂಡಿತು. ಜಿಲ್ಲೆಯಲ್ಲಿ ಸಾವೂ ಸಂಭವಿಸಿತು. ಕಳಸ, ಮೂಡಿಗೆರೆಗಳು ಅಲ್ಲಿಂದ ದೂರವೇನಲ್ಲ. ಉಣುಗಿಗೆ ತಾಲ್ಲೂಕಿನ ಗಡಿ ತಿಳಿಯದು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಪುಣೆಯ ವಿಜ್ಞಾನಿಗಳು ಈ ವೈರಾಣುವನ್ನು ಪತ್ತೆಹಚ್ಚಿದರು. ಇಂದು ಅದರ ಜೀನೋಮನ್ನು ಆದ್ಯಂತ ಓದಲಾಗಿದೆ. ಗದ್ದೆಯ ನೀರಿನಿಂದ ಇಲಿಜ್ವರ ತರುವ ಲೆಪ್ಟೋಸ್ಪೈರಾ ಬ್ಯಾಕ್ಟೀರಿಯಾದ ಜೀನೋಮ್ 46 ಲಕ್ಷಕ್ಕೂ ಹೆಚ್ಚು ಅಕ್ಷರಗಳದ್ದಾದರೆ, ಮಂಗನ ಕಾಯಿಲೆಯದು ಸುಮಾರು 10,800 ಅಕ್ಷರಗಳ ಒಂಟಿ ಎಳೆ. ಇಷ್ಟು ಚಿಕ್ಕ ಬರಹ ಮನುಷ್ಯನನ್ನು ತಿಂಗಳುಗಟ್ಟಲೆ ನಿತ್ರಾಣಗೊಳಿಸಬಲ್ಲದು.

ಈ ಓದಿನಿಂದ ತಿಳಿದದ್ದು ಅಲ್ಪವಲ್ಲ. 1990ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಪತ್ತೆಯಾದ ಅಲ್‌ಖುರ್ಮಾ ವೈರಾಣು ಇದರ ಹತ್ತಿರದ ದಾಯಾದಿ. ಪಶ್ಚಿಮಘಟ್ಟದ ಉದ್ದಕ್ಕೂ ಹರಡುತ್ತಾ ವೈರಾಣು ತನ್ನ ಅಕ್ಷರಗಳನ್ನು ತಿದ್ದಿಕೊಳ್ಳುತ್ತಲೇ ಬಂದಿದೆ. ಲಸಿಕೆಯಾದರೋ 1957ರ ತಳಿಯಿಂದಲೇ ತಯಾರಾಗುತ್ತಿತ್ತು. ಅದರ ಸಾಮರ್ಥ್ಯದ ಬಗ್ಗೆ ಸಂಶಯ ಬೆಳೆದು, 2022ರಲ್ಲಿ ನೀಡಿಕೆ ನಿಂತಿತು. ಹೊಸ ಲಸಿಕೆಯ ಪ್ರಯತ್ನಗಳು ನಡೆದಿವೆ. ಅದು ಕಾಡಂಚಿನ ಮನೆಗಳನ್ನು ತಲುಪಿದಾಗಲೇ ಈ ಜ್ಞಾನ ಸಾರ್ಥಕ.

ಆದರೆ ಜೀನೋಮ್ ಹೇಳದ ಸಂಗತಿಯೊಂದಿದೆ: ಯಾವ ಊರಿನಲ್ಲಿ, ಏಕೆ? ಅಖಂಡ ಕಾಡಿಗಿಂತ ಕಾಡು ಮತ್ತು ತೋಟ ಬೆರೆತ ನೆಲದಲ್ಲಿ ಅಪಾಯ ಹೆಚ್ಚೆಂದು ಕ್ಷೇತ್ರ ಅಧ್ಯಯನಗಳು ತೋರಿಸಿವೆ. ಕಾಫಿ ನಾಡಿನ ಚಿತ್ರವೇ ಅದು. ಸೋಂಕಿನಿಂದ ಮಂಗ ಸತ್ತ ಜಾಗದಲ್ಲಿ ಅದರ ಮೈಯ ಉಣುಗುಗಳು ನೆಲಕ್ಕಿಳಿಯುತ್ತವೆ. ಮಾರನೆಯ ದಿನ ಅಲ್ಲಿಗೆ ಬರುವುದು ಬರಿಗಾಲಿನ ಕೂಲಿಯಾಳು, ಸಂಶೋಧಕನಲ್ಲ.

ಆದುದರಿಂದ ಬೇಡಿಕೆ ಸರಳ. ಜ್ವರದ ಮೊದಲ ವಾರದಲ್ಲೇ ರಕ್ತಪರೀಕ್ಷೆಯ ಫಲಿತಾಂಶ ರೋಗಿಗೆ ಸಿಗಲಿ. ಮಂಗ ಸತ್ತ ಸುದ್ದಿ ಮುಚ್ಚಿಡದೆ, ಅದನ್ನು ಮುಟ್ಟದೆ, ಕೂಡಲೇ ಆರೋಗ್ಯ ಕೇಂದ್ರಕ್ಕೆ ತಿಳಿಸುವ ರೂಢಿ ಬೆಳೆಯಲಿ. ಕಾರ್ಮಿಕರಿಗೆ ಡೇಪಾ ತೈಲ, ಮೈಮುಚ್ಚುವ ಬಟ್ಟೆ ಒದಗಿಸುವುದು ತೋಟದ ಮಾಲೀಕರ ಔದಾರ್ಯವಲ್ಲ, ಹೊಣೆ. ಇನ್ನಷ್ಟು ಕಾಡು ಕಡಿದು ಅಂಚನ್ನು ಹಿಗ್ಗಿಸುವ ಪ್ರತಿಯೊಂದು ಯೋಜನೆಯೂ ಜನಾರೋಗ್ಯದ ಪ್ರಶ್ನೆಯೇ ಎಂಬುದನ್ನು ಸರ್ಕಾರ ಒಪ್ಪಿಕೊಳ್ಳಲಿ.

ವೈರಾಣುವಿನ ಅಕ್ಷರಗಳನ್ನು ಪ್ರಯೋಗಾಲಯ ಓದಿದೆ. ಕಾಡಂಚಿನ ಬದುಕನ್ನು ಓದುವ ಕೆಲಸ ಇನ್ನೂ ಬಾಕಿಯಿದೆ.