ಇಂಗ್ಲಿಷ್ ವಿಭಾಗಕ್ಕೆ 30 ಮಕ್ಕಳು ಸರಿ, ಮೇಷ್ಟ್ರು ಎಷ್ಟು ಮಂದಿ?

ಕಿನ್ನಾಳ: ಗೊಂಬೆ ಮಾಡುವ ಚಿತ್ರಗಾರರ ಮನೆಯಿರಲಿ, ಕಿರಾಣಿ ಅಂಗಡಿಯಿರಲಿ, ಪಾಲಕರ ಮಾತು ಒಂದೇ: ಹುಡುಗರಿಗೆ ಇಂಗ್ಲಿಷ್ ಬರಬೇಕ್ರಿ. ಆಸೆ ತಪ್ಪಲ್ಲ. ಕೊಪ್ಪಳದ ಖಾಸಗಿ ಶಾಲೆಯ ಫೀಸು, ವ್ಯಾನ್ ಬಾಡಿಗೆ ಎಲ್ಲರ ಕೈಗೆ ಎಟುಕುವುದಿಲ್ಲ ಅಷ್ಟೇ.

ಸರ್ಕಾರಿ ಶಾಲೆಗಳಲ್ಲಿ 1ನೇ ತರಗತಿಯಿಂದಲೇ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆಯುವ ಯೋಜನೆ 2019-20ರಲ್ಲಿ ರಾಜ್ಯದ 1,000 ಶಾಲೆಗಳಿಗೆ ಬಂತು. ವಿಭಾಗಕ್ಕೆ 30 ಮಕ್ಕಳ ಮಿತಿ ಹಾಕಿದರು. ಮಿತಿ ಸರಿಯಾದದ್ದೇ. ಮನೆಯಲ್ಲಿ ಯಾರೂ ಆಡದ ಭಾಷೆ ಬಾಯಿಗೆ ಬರಬೇಕಾದರೆ ಮಗು ದಿನಾ ಮಾತಾಡಬೇಕು. 40 ನಿಮಿಷದ ಪಿರಿಯಡ್‌ನಲ್ಲಿ 30 ಮಕ್ಕಳಿದ್ದರೆ ತಲಾ ಒಂದು ನಿಮಿಷ ಚಿಲ್ಲರೆ ಸಿಗುತ್ತೆ. 60 ಇದ್ದರೆ ಅದೂ ಇಲ್ಲ.

ಸಿಕ್ಕು ಇರುವುದು ಬೇರೆ ಕಡೆ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 1ರಿಂದ 5ನೇ ತರಗತಿವರೆಗೆ ಒಟ್ಟು 60 ಮಕ್ಕಳಿದ್ದರೆ ಇಬ್ಬರು ಶಿಕ್ಷಕರು. ಅದೇ 60 ಮಕ್ಕಳನ್ನು ಎರಡು ಮಾಧ್ಯಮಕ್ಕೆ ಹಂಚಿದರೆ ಐದು ತರಗತಿ ಹತ್ತಾಗುತ್ತವೆ, ಮೇಷ್ಟ್ರು ಮಾತ್ರ ಇಬ್ಬರೇ. ಒಂದೊಂದರಲ್ಲಿ ಆರೇ ಮಕ್ಕಳು ಕೂತರೂ ಪಾಠ ಅರ್ಧಂಬರ್ಧ. ನಲಿ-ಕಲಿಯಲ್ಲಿ ಮೂರು ತರಗತಿ ಒಟ್ಟಿಗೆ ಕೂರಿಸಿದರೂ ಎರಡು ಮಾಧ್ಯಮ ಒಂದಾಗಲ್ಲ. ದೊಡ್ಡ ಊರಿನ ಶಾಲೆ ಹೇಗೋ ನಿಭಾಯಿಸೀತು, ಸಣ್ಣ ಹಳ್ಳಿಗಳಲ್ಲಿ ಕನ್ನಡ ವಿಭಾಗವೇ ಮೊದಲು ಸೊರಗುತ್ತದೆ.

ಹಾಗಾಗಿ ಎಸ್‌ಡಿಎಂಸಿ ಸಭೆಯಲ್ಲಿ ಇಂಗ್ಲಿಷ್ ವಿಭಾಗ ಕೊಡಿ ಅಂತ ಕೇಳುವವರು ಅದೇ ಅರ್ಜಿಯಲ್ಲಿ ಇನ್ನೆರಡು ಸಾಲು ಬರೆಯಬೇಕು: ಅದಕ್ಕೆ ಪ್ರತ್ಯೇಕ ಶಿಕ್ಷಕರು ಯಾರು, 31ನೇ ಮಗು ಬಂದರೆ ಎಲ್ಲಿ ಕೂರಬೇಕು.